ಇಪ್ಪತ್ತೆರಡು ಕಿಲೋ ತಡೆಯುವ ಹೆಡ್

ಬಾಡಿಗೆ ಸಾಮಾನಿನ ಆ ಕಟ್ಟಡದ ಮೆಟ್ಟಿಲು ಹತ್ತುವ ಮೊದಲೇ ಅವನಿಗೆ ಅದರ ಮೇಲೆ ತಿರಸ್ಕಾರ ಹುಟ್ಟಿತ್ತು. ಗಾಜಿನ ಬಾಗಿಲು, ಗಾಜಿನ ಮೇಲೆ ಹಳೇ ಫಿಲಂ ಸುರುಳಿಯ ಚಿತ್ರ, ಅದರ ಕೆಳಗೆ ‘ನಿಮ್ಮ ಕನಸಿಗೆ ನಮ್ಮ ಸಲಕರಣೆ’ ಎಂಬ ಬರಹ. ಕನಸಂತೆ, ಮಣ್ಣಾಂಗಟ್ಟಿ. ಕ್ಯಾಮೆರಾ, ಲೆನ್ಸು, ಲೈಟು, ಮುಕ್ಕಾಲಿ ಬಾಡಿಗೆಗೆ ಸಿಗುತ್ತವೆ ಎಂದು ನೆಟ್ಟಗೆ ಬರೆದಿದ್ದರೆ ಇವರಪ್ಪನ ಗಂಟೇನು ಹೋಗುತ್ತಿತ್ತು? ಮೂವತ್ತೊಂದು ವರ್ಷ ಸಿನಿಮಾ ಕ್ಯಾಮೆರಾದ ಹಿಂದೆ ನಿಂತವನು ಅವನು. ಅದರಲ್ಲಿ ಕೊನೆಯ ಹದಿನೆಂಟು ವರ್ಷ ಈ ಅಂಗಡಿಗೆ ಕಾಲಿಟ್ಟಿರಲಿಲ್ಲ. ಬೇಕಾದ್ದನ್ನು ಚೀಟಿ ಬರೆದು ಸಹಾಯಕರ ಕೈಲಿ ತರಿಸುತ್ತಿದ್ದ, ಇಲ್ಲವೇ ಊರಿನ ಆ ತುದಿಯ ಇನ್ನೊಂದು ಅಂಗಡಿಗೆ ಹೋಗುತ್ತಿದ್ದ. ಯಾಕೆ ಎಂದು ಕೇಳಿದವರಿಗೆ ಇವರ ಸಾಮಾನು ಸರಿಯಿಲ್ಲ ಎಂದು ಮೂತಿ ತಿರುವುತ್ತಿದ್ದ. ಸಾಮಾನು ಸರಿಯಾಗಿಯೇ ಇತ್ತು. ಒಳಕೋಣೆಯಲ್ಲಿ ಗೂಟ ಕೆಲಸ ಮಾಡುತ್ತಿದ್ದ, ಅದು ಕಾರಣ. ಗೂಟ ಎಂದರೆ ಒಂದು ಕಾಲಕ್ಕೆ ಅವನ ಮೊದಲನೇ ಸಹಾಯಕ. ಕ್ಯಾಮೆರಾದ ಪಕ್ಕದಲ್ಲಿ ನೆಟ್ಟ ಹಾಗೆ ನಿಲ್ಲುತ್ತಿದ್ದನೆಂದು ಆ ಹೆಸರನ್ನಿಟ್ಟವನೂ ಅವನೇ. ಹದಿನೆಂಟು ವರ್ಷದ ಹಿಂದೆ ಒಂದು ಕ್ಯಾಮೆರಾ ಬಿತ್ತು, ಬೀಳಿಸಿದವನು ಗೂಟ ಎಂದಾಯಿತು, ಆಮೇಲೆ ಗೂಟನನ್ನು ಯಾರೂ ಯಾವ ಶೂಟಿಂಗಿಗೂ ಕರೆಯಲಿಲ್ಲ. ಬೀಳಿಸಿದವನು ಗೂಟನಲ್ಲ ಎಂಬುದು ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತು ಎಂದು ಅವನು ನಂಬಿದ್ದ. ಒಬ್ಬ ಗೂಟ. ಇನ್ನೊಬ್ಬ ಈಗ ಗಾಜಿನ ಬಾಗಿಲನ್ನು ಎಳೆಯಬೇಕೋ ತಳ್ಳಬೇಕೋ ತಿಳಿಯದೆ ನಿಂತಿದ್ದ.

ಬೆಳಿಗ್ಗೆ ಅವನ ಹೆಂಡತಿ, ಶಾಲೆಯಲ್ಲಿ ಲೆಕ್ಕ ಕಲಿಸುವವಳು, ಎಲ್ಲರ ಉತ್ತರದಲ್ಲೂ ತಪ್ಪು ಹುಡುಕಿ ಅಭ್ಯಾಸವಾದವಳು, ಬಾಚಣಿಗೆ ಹಿಡಿದು ಬಾಗಿಲಲ್ಲಿ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದ್ದಳು. ಒಂದು ಮುಕ್ಕಾಲಿ ಆರಿಸಲು ಎರಡು ಸಲ ಶರ್ಟು ಬದಲಾಯಿಸಿದ ಗಂಡಸನ್ನು ತಾನು ಇದೇ ಮೊದಲು ನೋಡಿದ್ದು ಎಂದಳು. ಅವನು ರೇಗಿದ. ಶರ್ಟಿನ ಗುಂಡಿ ಕಿತ್ತಿತ್ತು ಎಂದ. ಯಾವ ಗುಂಡಿ ಎಂದು ಅವಳು ಕೇಳಲಿಲ್ಲ, ಸುಮ್ಮನೆ ನಕ್ಕಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತೆಂದು ಅವನಿಗೆ ಅನ್ನಿಸಿತು. ಅವಳಿಗೆ ಏನೂ ಗೊತ್ತಿರಲಿಲ್ಲ. ಹಾಲ್‌ನ ಗೋಡೆಯ ಮೇಲೆ ಅವಳೇ ಕಟ್ಟು ಹಾಕಿಸಿ ತೂಗುಹಾಕಿದ ಒಂದು ಫೋಟೋ ಇದೆ. ಗಲ್ಲದ ಕೆಳಗೆ ಕೈಯಿಟ್ಟು ಅವನು ನಗುತ್ತಿದ್ದಾನೆ. ಪತ್ರಿಕೆಯಲ್ಲಿ ಬಂದದ್ದು. ನೀವು ಮನಸಾರೆ ನಕ್ಕಿರುವುದು ಇದೊಂದರಲ್ಲೇ ಎಂದು ಬಂದವರೆದುರು ಅವಳು ಹೇಳಿದಾಗಲೆಲ್ಲ ಅವನು ಎದ್ದು ಬಚ್ಚಲಿಗೆ ಹೋಗುತ್ತಿದ್ದ.

ಕೌಂಟರಿನ ಹೆಂಗಸು ತಲೆಯೆತ್ತಿ ನೋಡಿ, ಡ್ರೈವರುಗಳು ಆ ಬೆಂಚಿನ ಮೇಲೆ ಕೂರಬಹುದು ಎಂದಳು. ಅವನು ತಾನು ಯಾರು ಎಂದು ಹೇಳಿದ. ಅವಳು ಓಹೋ ಎಂದಳು, ಆದರೆ ಆ ಓಹೋದಲ್ಲಿ ಪರಿಚಯವಿರಲಿಲ್ಲ, ಹೊರೆ ಇಳಿಸಿಕೊಂಡವರ ನಿರಾಳ ಇತ್ತು ಅಷ್ಟೇ. ಒಂದು ಕಾಲಕ್ಕೆ ಅವನು ಬಂದರೆ ಅಂಗಡಿಯ ಯಜಮಾನರೇ ಕುರ್ಚಿ ಒರೆಸುತ್ತಿದ್ದರು. ಎರಡು ವರ್ಷದಿಂದ ಸಿನಿಮಾ ಇಲ್ಲ. ಸೋಪು, ಬಕೆಟ್ಟು, ತಲೆಗೂದಲಿನ ಎಣ್ಣೆ, ಇವುಗಳ ಮುಂದೆ ಕ್ಯಾಮೆರಾ ಹಿಡಿದು ಸಾಕಾಗಿತ್ತು. ಈಗ ಸಿಕ್ಕಿದ್ದು ಇಪ್ಪತ್ತೊಂಬತ್ತು ವರ್ಷದ ಒಬ್ಬ ನಿರ್ದೇಶಕನ ಚಿತ್ರ. ಆ ಮಹಾಶಯ ಬಾಯಿಬಿಟ್ಟರೆ ಫೀಲ್. ಬೆಳಕಿಗೆ ಫೀಲ್ ಬೇಕು, ಗೋಡೆಗೆ ಫೀಲ್ ಬೇಕು, ಕುರ್ಚಿಗೂ ಫೀಲ್ ಬೇಕು. ಆ ಫೀಲಿಗಾಗಿ ಮೊಳದುದ್ದದ ಹಳೆಯ ಜೂಮ್ ಲೆನ್ಸನ್ನು ಎಲ್ಲಿಂದಲೋ ಹುಡುಕಿಸಿದ್ದ. ಅದನ್ನು ಸಿಕ್ಕಿಸಿ, ಬ್ಯಾಟರಿ ಹಾಕಿ, ಮುಂದುಗಡೆ ಫಿಲ್ಟರ್ ಪೆಟ್ಟಿಗೆ ಕಟ್ಟಿದರೆ ಕ್ಯಾಮೆರಾ ಇಪ್ಪತ್ತೆರಡು ಕಿಲೋ ತೂಗುತ್ತಿತ್ತು. ಇಷ್ಟು ಭಾರಕ್ಕೆ ನೀವೇ ಬಂದು ಮುಕ್ಕಾಲಿ, ಹೆಡ್ ನೋಡಿಬಿಡಿ ಸಾರ್, ನಾನೂ ಬರ್ತೀನಿ ಎಂದು ಫೋನು ಮಾಡಿದ್ದವನೂ ಆ ನಿರ್ದೇಶಕನೇ. ಯಾವ ಅಂಗಡಿ ಎಂದು ಕೇಳಿದಾಗ ಈ ಹೆಸರು ಹೇಳಿದ. ಬೇಡ ಎನ್ನಲು ಒಂದು ಕಾರಣ ಬೇಕಲ್ಲ, ಅವನ ಹತ್ತಿರ ಇರಲಿಲ್ಲ.

“ಬನ್ನಿ ಸಾರ್,” ಎಂದಿತು ಒಂದು ದನಿ. ನಿನ್ನೆ ಸಂಜೆ ತಾನೇ ಬೀಳ್ಕೊಟ್ಟವರನ್ನು ಕರೆಯುವ ಹಾಗೆ. ಗೂಟ ನಿಂತಿದ್ದ. ಕೂದಲು ಬೆಳ್ಳಗಾಗಿತ್ತು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದ, ಹೆಗಲ ಮೇಲೆ ಲೆನ್ಸು ಒರೆಸುವ ಮೆತ್ತನೆಯ ಬಟ್ಟೆ. ಅವನು ಹದಿನೆಂಟು ವರ್ಷ ಸಿದ್ಧಮಾಡಿಕೊಂಡಿದ್ದ ಮುಖಭಾವಗಳು ಹಲವಿದ್ದವು: ಗೂಟ ಬೈದರೆ ಒಂದು, ಮುಖ ತಿರುಗಿಸಿದರೆ ಒಂದು, ಅತ್ತರೆ ಒಂದು. ಬನ್ನಿ ಸಾರ್ ಎಂದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಹೂಂ ಎಂದ. ಚೆನ್ನಾಗಿದ್ದೀಯಾ ಎಂದು ಕೇಳುವುದಕ್ಕೂ ಆಗಲಿಲ್ಲ, ಕೇಳಿದರೆ ಉತ್ತರ ಬರುತ್ತದಲ್ಲ.

ಒಳಕೋಣೆ ಉದ್ದಕ್ಕಿತ್ತು. ಒಂದು ಬದಿಗೆ ಕಬ್ಬಿಣದ ಕಪಾಟುಗಳು, ಕಪಾಟುಗಳಲ್ಲಿ ಕಾಲು ಮಡಚಿ ಮಲಗಿದ ಮುಕ್ಕಾಲಿಗಳು, ಪ್ರತಿಯೊಂದರ ಕತ್ತಿಗೂ ಗೂಟನ ಅಕ್ಷರದಲ್ಲಿ ಬರೆದ ಚೀಟಿ. ಇನ್ನೊಂದು ಬದಿಗೆ ಕಿಟಕಿ, ಕಿಟಕಿಯಾಚೆ ಎದುರಿನ ಕಟ್ಟಡದಲ್ಲಿ ಒಣಗಲು ಹಾಕಿದ ಬಟ್ಟೆ. ನಡುವೆ ಮೇಜಿನ ಮೇಲೆ ಕ್ಯಾಮೆರಾ, ಲೆನ್ಸು ಸಮೇತ ಕಟ್ಟಿ ಸಿದ್ಧವಾಗಿತ್ತು. ನಿರ್ದೇಶಕ ಆಗಲೇ ಬಂದು ಗೂಟನಿಗೆ ಅಣ್ಣಾ ಅಣ್ಣಾ ಎಂದು ಸಲಿಗೆ ಬೆಳೆಸಿಕೊಂಡಿದ್ದ. ಯಾವುದೋ ವಿಡಿಯೋದಲ್ಲಿ ನೋಡಿದ ಹಗುರ ಹೆಡ್ಡೊಂದು ಅವನ ತಲೆ ಹೊಕ್ಕಿತ್ತು. ಹೆಡ್ ಎಂದರೆ ಮುಕ್ಕಾಲಿಯ ನೆತ್ತಿಯ ಮೇಲೆ ಕೂರುವ ಯಂತ್ರ. ಒಳಗೆ ಮಂದವಾದ ಎಣ್ಣೆ ಇರುತ್ತದೆ, ಅದರ ತಡೆಯಿಂದ ಕ್ಯಾಮೆರಾ ನುಣುಪಾಗಿ ಹೊರಳುತ್ತದೆ. ಸ್ಪ್ರಿಂಗು ಇರುತ್ತದೆ, ಕ್ಯಾಮೆರಾ ಬಗ್ಗಿದಾಗ ಅದರ ಭಾರ ಹೊರುತ್ತದೆ. ಸ್ಪ್ರಿಂಗು ಭಾರಕ್ಕೆ ಸಾಲದಿದ್ದರೆ ಕ್ಯಾಮೆರಾ ಮೂಗು ಮುಂದೆ ಮಾಡಿ ಬೀಳುತ್ತದೆ. ಇಷ್ಟು ತಿಳಿಯದವರು ಈಗ ಸಿನಿಮಾ ನಿರ್ದೇಶನ ಮಾಡುತ್ತಾರೆ.

ಗೂಟ ಎದುರು ಮಾತಾಡದೆ ಆ ಹಗುರ ಹೆಡ್ಡನ್ನೇ ಮೊದಲು ಏರಿಸಿದ. ಕ್ಯಾಮೆರಾ ಕೂರಿಸಿದ, ಕೆಳಗಿನ ತಟ್ಟೆಯನ್ನು ಹಿಂದೆ ಮುಂದೆ ಸರಿಸಿ ಸಮತೂಕ ನೋಡಿದ, ಹಿಡಿಯನ್ನು ಅವನ ಕಡೆ ತಿರುಗಿಸಿ, “ನಿಮ್ಮದು ಸಾರ್,” ಎಂದ. ಎಂದು ಕಾದ. ಕೈ ತೆಗೆಯಲಿಲ್ಲ. ಅವನ ಕಿವಿ ಬಿಸಿಯಾಯಿತು. “ನನ್ನದು,” ಎಂದ. ಆಗ ಗೂಟ ಕೈ ತೆಗೆದ. ಅವನು ಲಾಕ್ ಬಿಚ್ಚಿ ಸ್ವಲ್ಪ ಮುಂದಕ್ಕೆ ಬಗ್ಗಿಸಿದನೋ ಇಲ್ಲವೋ, ಕ್ಯಾಮೆರಾ ಮೂಗು ನೆಲದ ಕಡೆಗೆ ಧುಮುಕಿತು. ಅವನ ಮೊಣಕೈ ಉಳುಕಿತು. ಆದರೆ ಲೆನ್ಸಿನ ಕೆಳಗೆ ಗೂಟನ ಅಂಗೈ ಮೊದಲೇ ಬಂದು ಕಾದಿತ್ತು, ಬೀಳುವುದಕ್ಕಿಂತ ಮೊದಲೇ. ಇದು ತಡೆಯಲ್ಲ ಎಂದು ಗೂಟ ಮೆಲ್ಲಗೆ ಹೇಳಿದ. ನಿರ್ದೇಶಕ ಅಯ್ಯೋ ಎಂದ. ಅವನಿಗೆ ಆ ಅಂಗೈಯನ್ನು ನೋಡಿ ಸಿಟ್ಟು ನೆತ್ತಿಗೇರಿತು. ತನ್ನನ್ನು ಅಣಕಿಸಲಿಕ್ಕೇ ಹಿಡಿದದ್ದು, ಬೇಕೆಂದೇ ‘ನಿಮ್ಮದು’ ಎಂದದ್ದು. ಎಷ್ಟು ನಯ ನೋಡು, ಬಾಯಲ್ಲಿ ಬೆಣ್ಣೆ. ಬಗಲಲ್ಲಿ ಏನಿಟ್ಟುಕೊಂಡಿದ್ದಾನೋ.

ಶೂಟಿಂಗಿನಲ್ಲಿ ಒಂದು ಕಟ್ಟಳೆ ಇದೆ. ಲಾಕ್ ಬಿಚ್ಚಿದ ಕ್ಯಾಮೆರಾವನ್ನು ಹಿಡಿದವನು ಸುಮ್ಮನೆ ಕೈ ತೆಗೆಯುವ ಹಾಗಿಲ್ಲ. ಪಕ್ಕದವನಿಗೆ ‘ನಿನ್ನದು’ ಎನ್ನಬೇಕು. ಪಕ್ಕದವನು ಕೈ ಹಾಕಿ ‘ನನ್ನದು’ ಎನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಬಿಡಬೇಕು. ಇದನ್ನು ಎಷ್ಟೋ ಜನರಿಗೆ ಬೈದು ಬೈದು ಕಲಿಸಿದವನು ಅವನೇ. ಕ್ಯಾಮೆರಾ ಬಿದ್ದ ದಿನ ತಾರಸಿಯ ಮೇಲೆ ಮಧ್ಯಾಹ್ನದ ಬಿಸಿಲು, ಕಾಲ ಕೆಳಗೆ ಡಾಂಬರು ಅಂಟುತ್ತಿತ್ತು. ಈ ಹೆಡ್ಡು ತಡೆಯಲ್ಲ ಸಾರ್, ದೊಡ್ಡದು ತರ್ತೀನಿ ಎಂದು ಗೂಟ ಹಿಂದಿನ ದಿನವೇ ಹೇಳಿದ್ದ. ನಾನು ಹಿಡಿದ ಮೇಲೆ ಹೆಡ್ಡಿನ ಕೆಲಸವೇನಯ್ಯಾ ಎಂದು ಎಲ್ಲರೆದುರು ನಗಾಡಿದ್ದ ಅವನು. ಪತ್ರಿಕೆಯ ಫೋಟೋದವನು ಬಂದ. ಸಾರ್, ಒಂದೇ ಒಂದು, ಆ ಗೋಡೆ ಹತ್ತಿರ, ಬೆಳಕು ಚೆನ್ನಾಗಿದೆ ಎಂದ. ಕ್ಯಾಮೆರಾಮನ್‌ನ ಫೋಟೋ ತೆಗೆಯುವವರು ಎಲ್ಲಿ ಸಿಗುತ್ತಾರೆ? ಅವನು ಹೊರಟೇಬಿಟ್ಟ. ಲಾಕ್ ಹಾಕಲಿಲ್ಲ. ‘ನಿನ್ನದು’ ಎನ್ನಲಿಲ್ಲ. ಗೂಟ ಎರಡು ಹೆಜ್ಜೆ ಆಚೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತು ಪೆಟ್ಟಿಗೆಯಲ್ಲಿ ಫಿಲ್ಟರ್ ಹುಡುಕುತ್ತಿದ್ದ. ಅವನು ಗಲ್ಲದ ಕೆಳಗೆ ಕೈಯಿಟ್ಟ, ನಕ್ಕ, ಫೋಟೋದವನ ಬೆರಳು ಕ್ಲಿಕ್ಕೆಂದಿತು, ಅದೇ ಗಳಿಗೆಯಲ್ಲಿ ಬೆನ್ನ ಹಿಂದೆ ಕ್ಯಾಮೆರಾ ತಲೆಬಾಗಿಸಿ, ಮುಕ್ಕಾಲಿಯನ್ನೂ ಎಳೆದುಕೊಂಡು ನೆಲಕ್ಕೆ ಬಿತ್ತು. ಆ ಸದ್ದನ್ನು ಅವನು ಇವತ್ತಿಗೂ ಯಾರಿಗೂ ಬಣ್ಣಿಸಿ ಹೇಳಿಲ್ಲ.

ಎರಡನೇ ಹೆಡ್ಡು ಭಾರ ತಡೆಯಿತು. ಆದರೆ ನಿಧಾನವಾಗಿ ಹೊರಳಿಸಲು ಹೋದರೆ ಹೊರಡುವಾಗ ಒಂದು ಕುಲುಕು, ನಿಲ್ಲಿಸಿದರೆ ಮುಕ್ಕಾಲಿಯ ಕಾಲು ತಿರುಚಿಕೊಂಡು ಚಿತ್ರ ಕೂದಲೆಳೆಯಷ್ಟು ಹಿಂದಕ್ಕೆ ಚಿಮ್ಮುತ್ತಿತ್ತು. ನಿರ್ದೇಶಕನ ಕಣ್ಣಿಗೆ ಅದು ಬೀಳಲಿಲ್ಲ. ಇದರಲ್ಲಿ ಒಂಥರಾ ಫೀಲ್ ಇದೆ ಎಂದ. ಅವನು ಸೆಟೆದು, ಇದು ಫೀಲಲ್ಲ, ದೋಷ ಎಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಹತ್ತು ನಿಮಿಷ ಹಗ್ಗಜಗ್ಗಾಟ ನಡೆಯಿತು. ಗೂಟ ಅಷ್ಟು ಹೊತ್ತೂ ಕ್ಯಾಮೆರಾದ ಹಿಡಿಯ ಮೇಲೆ ಕೈಯಿಟ್ಟು, ಇಬ್ಬರ ಮಾತಿಗೂ ತಲೆ ಹಾಕದೆ ನಿಂತಿದ್ದ. ಆಮೇಲೆ ಕೌಂಟರಿನ ಹೆಂಗಸು ಟೀ ತಂದಳು. ಗೂಟ ಲೋಟವನ್ನು ನಿರ್ದೇಶಕನ ಕೈಗೆ ಕೊಡುತ್ತ ನಿಮ್ಮದು ಎಂದ. ನಿರ್ದೇಶಕ ನಗುತ್ತ ನನ್ನದು ಅಣ್ಣಾ ಎಂದ ಮೇಲೆಯೇ ಗೂಟ ಬೆರಳು ಸಡಿಲಿಸಿದ. ಟೀಗೂ ಇದೇನಾ? ಎಂಥಾ ಹುಚ್ಚು ಇದು. ಕೌಂಟರಿನ ಹೆಂಗಸು ಅವನ ಮುಖ ನೋಡಿ, ಇವರು ಪೆನ್ನು ಕೊಟ್ಟರೂ ಹೀಗೇ, ನಮಗೆಲ್ಲ ರೂಢಿಯಾಗಿದೆ ಎಂದು ಹೋದಳು. ಅಣಕವಲ್ಲ ಹಾಗಾದರೆ. ಅಣಕವಾಗಿದ್ದರೇ ಚೆನ್ನಾಗಿತ್ತು.

ಕ್ಯಾಮೆರಾ ಬಿದ್ದ ಮೂರನೇ ದಿನ ನಿರ್ಮಾಪಕರ ಆಫೀಸಿನಲ್ಲಿ ಐದು ಜನ ಕೂತಿದ್ದರು. ಫ್ಯಾನು ಕರಕರ ಎನ್ನುತ್ತಿತ್ತು. ಏನಾಯ್ತು ಹೇಳಿ ಎಂದು ಕೇಳಿದ್ದು ಅವನನ್ನು. ಅವನು ಅಲ್ಲಿಗೆ ಹೋಗುವಾಗ ಸುಳ್ಳು ಹೇಳಬೇಕು ಎಂದುಕೊಂಡಿರಲಿಲ್ಲ, ಇದನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಾನೋ ಲೆಕ್ಕವಿಲ್ಲ. ನಿರ್ಮಾಪಕರು ತಾವೇ ಕುರ್ಚಿ ಎಳೆದು ಕೊಟ್ಟರು, ನೀವಿದ್ದೂ ಹೀಗಾಯ್ತಲ್ಲ ಎಂದರು. ಆ ನೀವು ಎನ್ನುವ ಮಾತಿನ ಗೌರವ ನಿಜಕ್ಕೆ ಅಡ್ಡ ಬಂತು. ಮೂರೇ ವಾಕ್ಯ ಹೇಳಿದ: ನಾನು ನಿನ್ನದು ಅಂದೆ. ಅವನು ನನ್ನದು ಅಂದ. ಆಮೇಲೆ ಬಿಟ್ಟೆ. ಗೂಟ ಗೋಡೆಗೆ ಒರಗಿ ನಿಂತಿದ್ದ, ಕುರ್ಚಿ ಅವನಿಗಿರಲಿಲ್ಲ. ಅವನನ್ನು ಒಮ್ಮೆ ನೋಡಿದ, ಆಮೇಲೆ ನೆಲ ನೋಡಿದ. ಸಾರ್ ಹೇಳಿದ ಮೇಲೆ ಹಾಗೇ ಇರುತ್ತೆ ಎಂದ. ಅಲ್ಲಿಗೆ ಮುಗಿಯಿತು. ಕೆಳಗೆ ಬಿದ್ದರೂ ಅವನ ಮೀಸೆ ಮಣ್ಣಾಗಲಿಲ್ಲ. ಹೊರಗೆ ಬಂದಾಗ ಯಾರೋ ಹೆಗಲು ತಟ್ಟಿ, ಪಾಪ, ಸಹಾಯಕರನ್ನು ನಂಬಿ ಕೆಟ್ಟಿರಿ ಎಂದರು. ಅವನು ನಿಟ್ಟುಸಿರು ಬಿಟ್ಟ. ಥೂ, ಆ ನಿಟ್ಟುಸಿರು! ಸುಳ್ಳಾದರೂ ಒಂದು ತೂಕದ್ದಾಗಿತ್ತು, ಆ ನಿಟ್ಟುಸಿರಿಗೆ ಕ್ಷಮೆ ಇಲ್ಲ.

ಮೂರನೆಯದು ದೊಡ್ಡ ಹೆಡ್ಡು. ಅದೊಂದೇ ಹದಿನಾಲ್ಕು ಕಿಲೋ, ಅದಕ್ಕೆ ತಕ್ಕಂತೆ ಮುಕ್ಕಾಲಿಯೂ ದಪ್ಪ ಕಾಲಿನದು, ನೆಲದ ಮೇಲೆ ಮೂರು ಕಾಲನ್ನೂ ಬಿಗಿಹಿಡಿಯುವ ಅಡ್ಡಪಟ್ಟಿ. ಗೂಟ ಕೆಲಸಕ್ಕೆ ಇಳಿದರೆ ನೋಡುತ್ತ ನಿಲ್ಲುವಂತಿತ್ತು, ಅದನ್ನು ಅವನು ಒಪ್ಪಿಕೊಳ್ಳಲೇಬೇಕಾಯಿತು. ಮೊದಲು ಎಣ್ಣೆಯ ತಡೆಯನ್ನೆಲ್ಲ ಸೊನ್ನೆಗೆ ಇಳಿಸಿದ. ಮಟ್ಟ ತೋರಿಸುವ ಬುಡದ ನೀರ್ಗುಳ್ಳೆ ನಡುವೆ ಬಂದು ನಿಲ್ಲುವ ತನಕ ಹೆಡ್ಡಿನ ಅಡಿಯ ಬಟ್ಟಲನ್ನು ಸರಿಸಿ ಬಿಗಿದ. ತಟ್ಟೆಯನ್ನು ಬೆರಳಗಲ ಹಿಂದಕ್ಕೆ ಎಳೆದ. ಆಮೇಲೆ ಸ್ಪ್ರಿಂಗಿನ ತಿರುಗಣೆ: ಎಂಟಕ್ಕೆ ಇಟ್ಟಾಗ ಕ್ಯಾಮೆರಾ ಮೆಲ್ಲಗೆ ತೂಕಡಿಸುವವರ ಹಾಗೆ ಮುಂದೆ ಬಗ್ಗಿತು, ಹತ್ತಕ್ಕೆ ಇಟ್ಟರೆ ಹಿಂದಕ್ಕೆ ಎದ್ದಿತು, ಒಂಬತ್ತರಲ್ಲಿ ನಿಂತಿತು. ಮುಂದೆ ಬಗ್ಗಿಸಿ ಬಿಟ್ಟರೂ ನಿಂತಿತು, ಹಿಂದೆ ಬಗ್ಗಿಸಿ ಬಿಟ್ಟರೂ ನಿಂತಿತು. ನಿಮ್ಮದು ಎಂದ. ನನ್ನದು ಎಂದ ಅವನು, ಈ ಸಲ ತಡವರಿಸದೆ. ಕಿಟಕಿಯ ಆ ಕಡೆಯಿಂದ ಈ ಕಡೆಗೆ, ಎದುರುಮನೆಯ ಒದ್ದೆ ಬಟ್ಟೆಗಳ ಉದ್ದಕ್ಕೂ, ಒಂದೇ ಉಸಿರಿನಲ್ಲಿ ಹೊರಳಿಸಿದ. ಕುಲುಕಿಲ್ಲ, ಚಿಮ್ಮಿಲ್ಲ. ಇಪ್ಪತ್ತೆರಡು ಕಿಲೋ ಅಂಗೈಯಲ್ಲಿ ಕರಗಿಹೋಗಿತ್ತು. ಎರಡು ವರ್ಷದ ಮೇಲೆ ಅವನಿಗೆ ತನ್ನ ಕೈ ಇನ್ನೂ ಕೈಯೇ ಅನ್ನಿಸಿತು, ಒಂದು ಗಳಿಗೆ ಎಲ್ಲರನ್ನೂ ಮರೆತ.

ನಿರ್ದೇಶಕ ಅವನ ತೋಳು ಹಿಡಿದು ಹೊರಗೆ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ. ದನಿ ತಗ್ಗಿಸಿದ. ಈ ಅಣ್ಣನನ್ನು ಚಿತ್ರಕ್ಕೆ ಮೊದಲನೇ ಸಹಾಯಕನಾಗಿ ಕರೆದುಕೊಂಡರೆ ಹೇಗೆ? ಇಷ್ಟು ಭಾರದ ಕ್ಯಾಮೆರಾ, ಇಂಥ ಕೈ ಬೇಕು. ಕೇಳಿದೆ, ಅವರಿಗೂ ಶೂಟಿಂಗೆಂದರೆ ಪ್ರಾಣ. ಶೂಟಿಂಗಿಗೆ ಒಂದೇ ಒಂದು ಸಲ ವಾಪಸು ಹೋಗಬೇಕು ಅಂದರು, ಯಜಮಾನರು ಮೂರು ತಿಂಗಳು ರಜೆ ಕೊಡುತ್ತಾರಂತೆ. ಆದರೆ ಒಬ್ಬರು ಏನೋ ಹೇಳಿದರು.

“ಯಾವಾಗಲೋ ಒಂದು ಕ್ಯಾಮೆರಾ ಬೀಳಿಸಿದ್ರಂತೆ. ನಿಮ್ಮ ಜೊತೇಲಿ ಇದ್ದಾಗಲೇ ಅಂತೆ. ನಿಜಾನಾ ಸಾರ್?”

ಸುಲಭವಿತ್ತು. ಇಲ್ಲ, ಬೀಳಿಸಿದ್ದು ನಾನು. ಮೂರು ಮಾತು. ಆಫೀಸಿನಲ್ಲಿ ಹೇಳಿದ್ದೂ ಮೂರೇ ವಾಕ್ಯ. ಈ ಹುಡುಗನ ಮುಂದೆ? ಲೆನ್ಸು ಯಾವುದು ಫೀಲು ಯಾವುದು ತಿಳಿಯದ ಇವನ ಮುಂದೆ ತಾನು ತಲೆ ತಗ್ಗಿಸಬೇಕೆ? ಕೇಳಿದ ಮರುಗಳಿಗೆ ಇವನ ಕಣ್ಣಿನಲ್ಲಿ ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು: ಇಪ್ಪತ್ತೆರಡು ಕಿಲೋವನ್ನು ಇವರ ಕೈಗೆ ಹೇಗೆ ಕೊಡುವುದು ಎನ್ನುವ ಲೆಕ್ಕ. ಚಿತ್ರ ಹೋಗುತ್ತದೆ. ಮತ್ತೆ ಬಕೆಟ್ಟು, ಸೋಪು. ಹೋಗಲಿ, ಗೂಟನಿಗೆ ಬೇಕಾದ್ದು ಶೂಟಿಂಗು ತಾನೇ? ಅದು ಸಿಕ್ಕಿದರಾಯಿತಲ್ಲ. ಸತ್ಯ ಯಾರಿಗೆ ಬೇಕು?

“ಹಳೇದು ಬಿಡಿ,” ಎಂದ, ಕೈಯನ್ನು ಗಾಳಿಯಲ್ಲಿ ಆಡಿಸಿ. “ಮನುಷ್ಯ ಅಂದ್ಮೇಲೆ ಒಂದ್ಸಲ ಎಡವ್ತಾನೆ. ನಾನು ಆವತ್ತೇ ಮರೆತಿದೀನಿ. ಕರ್ಕೊಳ್ಳಿ.”

ನಿರ್ದೇಶಕ ಅವನನ್ನು ಕಣ್ಣು ತುಂಬ ನೋಡಿದ. ನಿಮ್ಮದು ದೊಡ್ಡ ಮನಸ್ಸು ಸಾರ್ ಎಂದ, ಬೇರೆಯವರಾಗಿದ್ದರೆ ಜನ್ಮದಲ್ಲಿ ಮುಖ ನೋಡುತ್ತಿರಲಿಲ್ಲ. ಅವನು ವಿನಯದಿಂದ ತಲೆಯಾಡಿಸಿದ. ಒಂದು ಲೋಟ ಟೀ ಆರುವಷ್ಟು ಹೊತ್ತು ಅವನಿಗೆ ನಿಜಕ್ಕೂ ದೊಡ್ಡ ಮನಸ್ಸಿನವನಾದಂತೆಯೇ ಇತ್ತು. ಕದ್ದವನೇ ಕದ್ದದ್ದರಲ್ಲಿ ಒಂದು ಪಾಲು ಎತ್ತಿ ದಾನ ಕೊಟ್ಟರೂ ಕೊಟ್ಟ ಕೈ ಮೇಲೇ ಇರುತ್ತದಲ್ಲ. ನಿರ್ದೇಶಕ ಒಳಗೆ ಹೋಗಿ ಗೂಟನ ಕಿವಿಯಲ್ಲಿ ಏನೋ ಹೇಳಿದ, ಬೆನ್ನು ತಟ್ಟಿದ, ಫೋನು ಬಂತೆಂದು ಅವಸರದಲ್ಲಿ ಮೆಟ್ಟಿಲಿಳಿದು ಹೋದ.

ಒಳಕೋಣೆಯಲ್ಲಿ ಇಬ್ಬರೇ ಉಳಿದರು. ಗೂಟ ಕನ್ನಡಕ ಮೂಗಿಗೇರಿಸಿದ, ಇಳಿಸಿದ. ಏನೋ ಹೇಳಬೇಕೆಂದು ಒದ್ದಾಡುತ್ತಿದ್ದಾನೆ ಎಂದು ಅವನಿಗೆ ತಿಳಿಯಿತು. ಬಂತು, ಈಗ ಬಂತು ಎಂದು ಅವನು ಹಲ್ಲು ಕಚ್ಚಿಕೊಂಡ. ಮುಖಕ್ಕೆ ಉಗಿಯಲಿ, ತಡೆದುಕೊಳ್ಳೋಣ, ಚಿತ್ರವಂತೂ ಕೊಡಿಸಿದ್ದೇನೆ.

“ಸಾರ್, ನೀವು ಬೇಡ ಅಂತೀರೇನೋ ಅಂದ್ಕೊಂಡಿದ್ದೆ,” ಎಂದ ಗೂಟ. “ನನ್ನ ತಪ್ಪನ್ನ ನೀವು ಮನಸ್ಸಲ್ಲಿ ಇಟ್ಕೊಳ್ಳಲಿಲ್ಲ.”

ಅವನು ಆ ಮುಖದಲ್ಲಿ ಕೊಂಕು ಹುಡುಕಿದ. ಇರಲಿಲ್ಲ. ಕಣ್ಣಂಚು ಒದ್ದೆಯಾಗಿತ್ತು. ಆಮೇಲೆ ಗೂಟ ಮಾತಾಡುತ್ತ ಹೋದ, ಮಾತಾಡುತ್ತಲೇ ಲೆನ್ಸಿನ ಮೇಲಿಲ್ಲದ ಧೂಳು ಒರೆಸುತ್ತ. ಮೊದಲ ಎರಡು ವರ್ಷ ಉರಿದುಹೋಗಿದ್ದನಂತೆ. ಸಾರ್ ಸುಳ್ಳು ಹೇಳಿದರು ಎಂದು ಹೆಂಡತಿಯ ಹತ್ತಿರ, ಅಣ್ಣನ ಹತ್ತಿರ ದಿನಾ ಕೂಗಾಡುತ್ತಿದ್ದನಂತೆ. ಆಮೇಲೆ ಒಂದೊಂದಾಗಿ ಅನುಮಾನ. ಅಷ್ಟು ದೊಡ್ಡವರಿಗೆ ಸುಳ್ಳು ಹೇಳುವ ದರ್ದೇನು? ಬಿಸಿಲಿತ್ತು, ಬೆನ್ನು ಹಾಕಿ ಕೂತಿದ್ದೆ, ಗಮನವೆಲ್ಲ ಪೆಟ್ಟಿಗೆಯಲ್ಲಿತ್ತು. ಹೆಂಡತಿ ಅಡುಗೆಮನೆಯಿಂದ ಏನೋ ಹೇಳಿದರೆ ಪತ್ರಿಕೆಯ ಹಿಂದಿನಿಂದ ಹೂಂ ಅನ್ನುತ್ತೇವಲ್ಲ, ಹಾಗೆ ನನ್ನದು ಅಂದಿರಬೇಕು. ಅಂದಿರಲೇಬೇಕು. ಒಂದು ದಿನ ಹೆಂಡತಿಯನ್ನು ಕೂರಿಸಿಕೊಂಡು, ತಪ್ಪು ನನ್ನದೇ ಕಣೇ, ಇನ್ನು ಅವರನ್ನು ಬೈಯಬೇಡ ಎಂದನಂತೆ.

“ಆವತ್ತಿಂದ ನನ್ನ ಕಿವಿ ಮೇಲೆ ನನಗೆ ನಂಬಿಕೆ ಇಲ್ಲ ಸಾರ್. ಒಳ್ಳೇದೇ ಆಯ್ತು ಅನ್ನಿ. ನನ್ನ ಕೈಯಿಂದ ಆಮೇಲೆ ಒಂದು ಸ್ಕ್ರೂ ಕೂಡ ಬಿದ್ದಿಲ್ಲ. ಮಗಳು ಆಡ್ಕೊತಾಳೆ, ತಟ್ಟೆ ಕೊಟ್ರೆ ನನ್ನದು ಅಪ್ಪಾ ನನ್ನದು ಅಂತ ಮೊದಲೇ ಕೂಗ್ತಾಳೆ.”

ಗೂಟ ನಕ್ಕ. ಅವನಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಹದಿನೆಂಟು ವರ್ಷ ತಾನು ಹೆದರಿದ್ದು ಈ ಮನುಷ್ಯನಿಗಾ? ಊರಿನ ಆ ತುದಿಗೆ ಹೋಗಿ ಸಾಮಾನು ತಂದದ್ದು, ಗೋಡೆಯ ಫೋಟೋ ನೋಡಲಾರದೆ ಎದ್ದುಹೋದದ್ದು, ಎರಡು ಸಲ ಶರ್ಟು ಬದಲಾಯಿಸಿದ್ದು, ಎಲ್ಲ ಇವನ ಕಣ್ಣಿಗೆ ಹೆದರಿಯಾ? ಎಲ್ಲೋ ಒಬ್ಬ ತನ್ನನ್ನು ದ್ವೇಷಿಸುತ್ತ, ನಿಜವನ್ನು ಎದೆಯಲ್ಲಿ ಇಟ್ಟುಕೊಂಡು ಬದುಕುತ್ತಿದ್ದಾನೆ ಎಂಬ ನಂಬಿಕೆಗೆ ಒಂದು ಘನತೆ ಇತ್ತು. ಈ ಮೂಢ ಅದನ್ನೂ ಉಳಿಸಲಿಲ್ಲ. ತನ್ನ ಸುಳ್ಳನ್ನು ಹಿಡಿದವನ ಮೇಲೆ ಬರದಷ್ಟು ಸಿಟ್ಟು ಸುಳ್ಳನ್ನು ನಂಬಿಬಿಟ್ಟವನ ಮೇಲೆ ಬಂತು. ಕೃತಜ್ಞತೆಯಂತೆ. ಕಣ್ಣೀರಂತೆ. ಪಶ್ಚಾತ್ತಾಪದಿಂದ ಅಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು; ಬರೀ ತಿರಸ್ಕಾರದಿಂದ, ಬೈಗುಳ ಉಗುಳುವ ಹಾಗೆ ಅವನು ಅದನ್ನು ಉಗುಳಿದ.

“ಮಂಕುದಿಣ್ಣೆ ಕಣಯ್ಯಾ ನೀನು. ನಾನು ನಿನ್ನದು ಅನ್ನಲೇ ಇಲ್ಲ. ಬಾಯೇ ಬಿಡಲಿಲ್ಲ. ನೀನೂ ಏನೂ ಅನ್ನಲಿಲ್ಲ. ಫೋಟೋ ತೆಗೆಸ್ಕೊಳ್ಳೋಕೆ ಹೋದೆ, ಅಷ್ಟೇ.”

ಒರೆಸುವ ಕೈ ನಿಂತಿತು. ಕಪಾಟಿನ ಆಚೆ ಎಲ್ಲೋ ಕೌಂಟರಿನ ಹೆಂಗಸು ಫೋನಿನಲ್ಲಿ ಯಾರಿಗೋ ಬಾಡಿಗೆಗೆ ಬ್ಯಾಟರಿ ಯಾವುದೂ ಉಳಿದಿಲ್ಲ ಎನ್ನುತ್ತಿದ್ದಳು. ಗೂಟ ಕನ್ನಡಕ ತೆಗೆದು ಎದೆಯ ಮೇಲೆ ಇಳಿಬಿಟ್ಟ. ಬರಿಗಣ್ಣಿನಲ್ಲಿ ಅವನನ್ನು ನೋಡಿದ, ದೂರದ್ದನ್ನು ಓದಲು ಯತ್ನಿಸುವವರ ಹಾಗೆ.

“ಆಫೀಸಲ್ಲಿ ಹೇಳುವಾಗಲೇ ಗೊತ್ತಿತ್ತಾ ನಿಮಗೆ?” ಎಂದು ಕೇಳಿದ. “ಇಲ್ಲ, ಆಮೇಲೆ ಯಾವಾಗಲೋ ನೆನಪಾಯ್ತಾ?”

ದಾರಿ ಬಿಟ್ಟುಕೊಡುತ್ತಿದ್ದ, ಈಗಲೂ. ಆಮೇಲೆ ನೆನಪಾಯಿತು ಎಂದುಬಿಟ್ಟರೆ ಸಾಕಿತ್ತು. ಅವನ ಸಿಟ್ಟೆಲ್ಲ ಅಷ್ಟರಲ್ಲಿ ಇಳಿದುಹೋಗಿತ್ತು, ಹೊಸದೊಂದು ಸುಳ್ಳು ಕಟ್ಟುವ ಶಕ್ತಿ ಇರಲಿಲ್ಲ.

“ಗೊತ್ತಿತ್ತು.”

ಗೂಟ ತಲೆಯಾಡಿಸಿದ. ಮಗಳಿಗೆ ಆಗ ಎರಡು ವರ್ಷ, ಅವಳು ಬೆಳೆದದ್ದೇ ಕ್ಯಾಮೆರಾ ಬೀಳಿಸಿದವನ ಮಗಳಾಗಿ ಎಂದು, ದೂರಿನಂತೆ ಅಲ್ಲ, ಚೀಟಿ ಓದುವ ದನಿಯಲ್ಲಿ ಹೇಳಿದ. ಆಮೇಲೆ ಕೆಲಸಕ್ಕೆ ತಿರುಗಿದ. ಬಗ್ಗಿಸುವ ಟಿಲ್ಟಿನ ಲಾಕ್ ಹಾಕಿದ, ಹೊರಳಿಸುವ ಪ್ಯಾನಿನ ಲಾಕ್ ಹಾಕಿದ, ಲೆನ್ಸಿನ ಮುಚ್ಚಳ ಹಾಕಿದ, ಕ್ಯಾಮೆರಾವನ್ನು ಕಳಚಿ, ಅವನು ನೆರವಿಗೆ ನೀಡಿದ ಕೈಯನ್ನು ಕಾಣದವನಂತೆ ಬಿಟ್ಟು, ಒಬ್ಬನೇ ಅಪ್ಪಿ ಎತ್ತಿ ಮೇಜಿನ ಮೇಲಿಟ್ಟ. ತಿರುಗಿ ನೋಡಿದಾಗ ಗೂಟನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ಏನೆಂದು ಅವನಿಗೆ ಕೂಡಲೇ ಗೊತ್ತಾಯಿತು. ಜೀವಮಾನವಿಡೀ ಅದನ್ನು ಅವನು ಬೇರೆಯವರ ಮೇಲೆ ಎಸೆಯುತ್ತ ಬಂದಿದ್ದ, ತನ್ನ ಮೇಲೆ ಬಿದ್ದದ್ದು ಇದೇ ಮೊದಲು.

“ಮೂರನೇ ಹೆಡ್ಡು ಬರ್ಕೊಳ್ಳಮ್ಮಾ,” ಎಂದು ಗೂಟ ಹೊರಗಿನ ಕಡೆ ಕೂಗಿದ. “ಒಳ್ಳೇ ಹೆಡ್ಡು. ಇವರು ಹೇಳದೆ ಕೇಳದೆ ಬಿಟ್ಟು ಹೋದ್ರೂ ನಿಂತಿರುತ್ತೆ. ಜೊತೆಗೆ ನಾನು ಹೋಗ್ತಿಲ್ಲ.”

ಕೌಂಟರಿನ ಹೆಂಗಸು ಫಾರಂ ಹಿಡಿದು ಬಾಗಿಲಿಗೆ ಬಂದಳು. ಹೆಡ್ಡಿನ ನಂಬರು ಬರೆದಳು, ಮುಕ್ಕಾಲಿಯ ನಂಬರು ಬರೆದಳು, ಕೊನೆಯ ಸಾಲಿಗೆ ಬಂದು ಪೆನ್ನು ನಿಲ್ಲಿಸಿ ಗೂಟನನ್ನು ನೋಡಿದಳು. ಬಿದ್ದು ಒಡೆದರೆ ಹೊಣೆ ಯಾರದು ಅಂತ ಬರೀಲಿ ಎಂದು ಕೇಳಿದಳು.

“ಈ ಸಲವೂ ಅವರನ್ನೇ ಕೇಳು,” ಎಂದು ಗೂಟ ಒಳಗೆ ಹೋದ.